‘ಯಾವ ಕೆರೆ?’: ಸಂಶೋಧನಾ ಪ್ರಬಂಧಕ್ಕೆ ಟಾಪಿಕ್ ಆರಿಸಿ, ಕತ್ತರಿಸಿ, ಕೈಗೆ ಸಿಗುವಷ್ಟು ಮಾಡುವ ಬಗೆ

ಎಂಎ ಓದುವಾಗ ನಾನು ಮೊದಲು ಬರೆದುಕೊಂಡು ಹೋದ ಟಾಪಿಕ್ ‘ಕರ್ನಾಟಕದ ಜಲ ಸಂಪನ್ಮೂಲ: ಒಂದು ಅಧ್ಯಯನ’. ಗೈಡ್ ನಗಲಿಲ್ಲ, ಬೈಯಲೂ ಇಲ್ಲ. ‘ಎಷ್ಟು ವರ್ಷ ಬೇಕಪ್ಪಾ ನಿನಗೆ?’ ಅಂತ ಮಾತ್ರ ಕೇಳಿದರು. ನನಗೆ ಇದ್ದದ್ದು ನಾಲ್ಕು ತಿಂಗಳು. ಅದರಲ್ಲಿ ಒಂದೂವರೆ ತಿಂಗಳು ಟಾಪಿಕ್ ಬದಲಾಯಿಸುವುದರಲ್ಲೇ ಹೋಯಿತು. ಉಳಿದ ಸಮಯದಲ್ಲಿ ಅವಸರಕ್ಕೆ ಬರೆದದ್ದನ್ನು ಇವತ್ತು ತೆಗೆದು ನೋಡಲು ನನಗೇ ನಾಚಿಕೆ.

ಈಗ ಆಗಾಗ ಜೂನಿಯರ್‌ಗಳು ಸಿನಾಪ್ಸಿಸ್ ತಂದು ತೋರಿಸುತ್ತಾರೆ. ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಟಾಪಿಕ್ ಎಲ್ಲೋ ರೆಡಿ ಇರುತ್ತದೆ, ಹುಡುಕಿದರೆ ಸಿಗುತ್ತದೆ ಅಂದುಕೊಂಡು ಗೂಗಲ್‌ನಲ್ಲಿ ‘ಬೆಸ್ಟ್ ಟಾಪಿಕ್ಸ್’ ಅಂತ ಹೊಡೆದು ಕೂರುತ್ತಾರೆ. ನನಗೆ ಗೊತ್ತಿರುವ ಒಳ್ಳೆಯ ಪ್ರಬಂಧ ಒಂದೂ ಹಾಗೆ ಹುಟ್ಟಿದ್ದಲ್ಲ. ದೊಡ್ಡದೊಂದನ್ನು ಹಿಡಿದು, ನಾಳೆ ಬೆಳಿಗ್ಗೆ ಯಾರ ಮನೆ ಬಾಗಿಲಿಗೆ ಹೋಗಬೇಕು, ಯಾವ ಕಚೇರಿಯಲ್ಲಿ ಯಾವ ಕಡತ ಕೇಳಬೇಕು ಅಂತ ಗೊತ್ತಾಗುವವರೆಗೆ ಕತ್ತರಿಸುತ್ತಾ ಹೋಗಬೇಕು. ಅದು ಗೊತ್ತಾದ ದಿನ ಟಾಪಿಕ್ ಆಯಿತು ಅಂತ ಲೆಕ್ಕ.

ಬರೀ ಸೂತ್ರ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಸಮಾಜಶಾಸ್ತ್ರದಲ್ಲಿ ಎಂಎ ಮಾಡುತ್ತಿದ್ದ, ಕೋಲಾರ ಜಿಲ್ಲೆಯ ಒಬ್ಬ ಹುಡುಗಿ ‘ಕೆರೆಗಳು’ ಅನ್ನುವ ಒಂದೇ ಪದ ಹಿಡಿದುಕೊಂಡು ಬಂದಿದ್ದಳು. ಅವಳ ಗೈಡ್ ಜೊತೆ ಆಗಿದ್ದ ಮಾತು ಇಷ್ಟೇ:

‘ಟಾಪಿಕ್ ಏನಮ್ಮಾ?’
‘ಕೆರೆಗಳು ಸರ್.’
‘ಯಾವ ಕೆರೆ?’

ಅವಳ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಮೂರು ವಾರ ಆ ಉತ್ತರ ಹುಡುಕಿದ ಕಥೆಯೇ ಈ ಮಾರ್ಗದರ್ಶಿ.

ಹೆಜ್ಜೆ 1: ನಿಮ್ಮ ಕಾಲಿಗೆ ಸಿಗುವ ಜಾಗದಿಂದ ಶುರು ಮಾಡಿ

‘ಆಸಕ್ತಿ ಇರುವ ವಿಷಯ ಆರಿಸಿ’ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ, ಆದರೆ ಅರ್ಧ ನಿಜ. ಆಸಕ್ತಿ ಇದ್ದು ಸಾಮಗ್ರಿ ಸಿಗದಿದ್ದರೆ ಎರಡನೇ ತಿಂಗಳಿಗೆ ಆಸಕ್ತಿಯೂ ಬತ್ತಿಹೋಗುತ್ತದೆ. ಅದಕ್ಕೆ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಬೇರೆಯವರಿಗೆ ಸುಲಭಕ್ಕೆ ಸಿಗದ ಏನು ನಿಮಗೆ ಸಿಗುತ್ತದೆ?

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಯಾವ ಭಾಷೆ ಮಾತಾಡಲು ಬರುತ್ತದೆ, ಯಾವ ಊರಲ್ಲಿ ಉಳಿದುಕೊಳ್ಳಲು ಮನೆ ಇದೆ, ಯಾವ ಕೆಲಸದವರ ಒಳಮಾತು ಅರ್ಥವಾಗುತ್ತದೆ, ನಿಮ್ಮ ಚಿಕ್ಕಪ್ಪನೋ ಸೋದರತ್ತೆಯೋ ಯಾವ ಕೆಲಸದಲ್ಲಿ ಇದ್ದಾರೆ. ಈ ಹುಡುಗಿಗೆ ಕನ್ನಡ, ತೆಲುಗು ಎರಡೂ ಬರುತ್ತಿತ್ತು. ಕೋಲಾರದ ಹಳ್ಳಿಗಳಲ್ಲಿ ಮಾತಾಡಲು ಅದು ದೊಡ್ಡ ಆಸ್ತಿ. ಅಜ್ಜಿ ಮನೆ ಕೋಲಾರ ತಾಲ್ಲೂಕಿನಲ್ಲೇ ಇತ್ತು. ಬೆಂಗಳೂರಿನ ಹಾಸ್ಟೆಲ್‌ನಿಂದ ಬಸ್ಸಲ್ಲಿ ಎರಡು ಗಂಟೆಯ ದಾರಿ. ಇಷ್ಟು ಬರೆದ ಮೇಲೆ ‘ಕರ್ನಾಟಕದ ಕೆರೆಗಳು’ ತಾನಾಗಿಯೇ ‘ಕೋಲಾರದ ಕೆರೆಗಳು’ ಆಯಿತು.

ಹೆಜ್ಜೆ 2: ಒಂದು ವಾರ ಏನೂ ಬರೆಯದೆ ಓದಿ

ಒಂದೇ ವಾರ, ಜಾಸ್ತಿ ಬೇಡ. ಇದು ಟಾಪಿಕ್‌ನ ನಕ್ಷೆ ನೋಡಿಕೊಳ್ಳುವ ಓದು. ಪೂರ್ತಿ ಪುಸ್ತಕ ಓದಲು ಹೋದರೆ ಮುಳುಗಿಹೋಗುತ್ತೀರಿ.

ಶುರು ಮಾಡಲು ಶೋಧಗಂಗಾ ಒಳ್ಳೆಯ ಜಾಗ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಹೆಚ್ಚಿನವು ಅಧ್ಯಾಯಕ್ಕೊಂದು ಪಿಡಿಎಫ್ ಆಗಿರುತ್ತವೆ, ಹಾಗಾಗಿ ಎಲ್ಲವನ್ನೂ ಇಳಿಸಿಕೊಳ್ಳಬೇಕಿಲ್ಲ. ನನ್ನ ಅಭ್ಯಾಸ ಏನೆಂದರೆ ಮೊದಲು ಕೊನೆಯ ಅಧ್ಯಾಯ ತೆಗೆಯುವುದು. ‘ಮುಂದಿನ ಸಂಶೋಧನೆಗೆ ಸಲಹೆಗಳು’ ಅಂತ ಒಂದೆರಡು ಪುಟ ಇರುತ್ತದೆ. ನಾಲ್ಕೈದು ವರ್ಷ ತಲೆ ಕೆಡಿಸಿಕೊಂಡವರು ‘ಇದನ್ನು ನಾನು ಮಾಡಲಾಗಲಿಲ್ಲ, ಬೇರೆಯವರು ಮಾಡಿ’ ಅಂತ ಬರೆದಿಟ್ಟಿರುತ್ತಾರೆ. ಟಾಪಿಕ್ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಯಾರು ಕೊಡುತ್ತಾರೆ? ಆಮೇಲೆ ಗೂಗಲ್ ಸ್ಕಾಲರ್, ಅದರ ನಂತರ ನಿಮ್ಮ ವಿಭಾಗದ ಲೈಬ್ರರಿಯಲ್ಲಿ ಧೂಳು ಹಿಡಿದಿರುವ ಹಳೆಯ ಡಿಸರ್ಟೇಶನ್‌ಗಳು.

ಹುಡುಕುವಾಗ ಒಂದು ಕಿರಿಕಿರಿ ಇದೆ. ನಮ್ಮ ಪದಗಳನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ‘ನೀರುಗಂಟಿ’ (ಊರಿನ ಕೆರೆಯ ನೀರು ಬಿಟ್ಟು ಹಂಚುವವರು) ಅನ್ನುವುದನ್ನು ಎರಡು ‘ಇ’ ಹಾಕಿ ಬರೆದವರಿದ್ದಾರೆ, ಒಂದು ‘ಐ’ ಹಾಕಿದವರಿದ್ದಾರೆ. ನಡುವಿನ ‘ಯು’ ಬಿಟ್ಟು ‘ನೀರ್‌ಗಂಟಿ’ ಅಂತ ಬರೆದವರೂ ಇದ್ದಾರೆ, ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಹೀಗೇ ಸಿಗುವುದು. ಎಲ್ಲ ರೂಪಗಳನ್ನೂ ಹಾಕಿ ಹುಡುಕದೆ ‘ಈ ಬಗ್ಗೆ ಯಾರೂ ಕೆಲಸ ಮಾಡಿಲ್ಲ’ ಅಂತ ಸಿನಾಪ್ಸಿಸ್‌ನಲ್ಲಿ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಹಾಗೇ, ಆ ವಾಕ್ಯ ನೋಡಿದರೆ ಪರೀಕ್ಷಕರ ಕಿವಿ ನೆಟ್ಟಗಾಗುತ್ತದೆ, ಸಾಧ್ಯವಾದಷ್ಟೂ ಬರೆಯಬೇಡಿ.

ಓದುವಾಗ ಒಂದೇ ಕೆಲಸ ಮಾಡಿ. ‘ಹೌದಾ?’ ಅನ್ನಿಸಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಒಂದು ಸಾಲಿನಲ್ಲಿ ಬರೆದಿಡಿ. ಅವಳ ನೋಟ್‌ಬುಕ್‌ನಲ್ಲಿ ವಾರದ ಕೊನೆಗೆ ಇದ್ದ ಸಾಲುಗಳಲ್ಲಿ ಕೆಲವು: ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬೆಂಗಳೂರಿನ ಒಳಚರಂಡಿ ನೀರನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗೆ ತುಂಬಿಸುತ್ತಿದ್ದಾರೆ. ಕೆರೆ ತುಂಬಿದೆ, ಆದರೆ ಆ ನೀರನ್ನು ನೇರವಾಗಿ ಗದ್ದೆಗೆ ಬಿಡುವಂತಿಲ್ಲ.

ಕೊನೆಯ ಸಾಲಿನ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು. ಕೆರೆ ತುಂಬಿದೆ, ತೂಬು (ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು) ಮುಚ್ಚಿದೆ. ಇದು ನಮ್ಮ ಅಜ್ಜಂದಿರಿಗೆ ಹೇಳಿದರೆ ಒಗಟು ಅಂದುಕೊಳ್ಳುತ್ತಾರೆ, ಅಲ್ವಾ?

ಹೆಜ್ಜೆ 3: ಕತ್ತರಿ ಹಾಕಿ

ಇಲ್ಲಿ ನಿಧಾನವಾಗಿ ಹೋಗೋಣ, ಯಾಕೆಂದರೆ ನಿಜವಾದ ಕೆಲಸ ಇದೇ. ನಾಲ್ಕು ಕಡೆಯಿಂದ ಕತ್ತರಿಸಬಹುದು: ಜಾಗ, ಕಾಲ, ಜನ, ಮುಖ. ಒಂದು ಕಡೆ ಮಾತ್ರ ಕತ್ತರಿಸಿ ‘ಚಿಕ್ಕದು ಮಾಡಿದೆ’ ಅಂದುಕೊಳ್ಳುವವರೇ ಜಾಸ್ತಿ. ‘ಕೋಲಾರ ಜಿಲ್ಲೆಯ ಕೆರೆಗಳು’ ಅನ್ನುವುದೂ ಇನ್ನೂ ಬೆಟ್ಟದಷ್ಟು ದೊಡ್ಡದೇ.

ಜಾಗದಿಂದ ಶುರು ಮಾಡೋಣ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಅಂತ ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ದಿನಕ್ಕೊಂದರಂತೆ ನೋಡುತ್ತಾ ಹೋದರೆ ಹತ್ತಿರ ಹತ್ತಿರ ನೂರು ವರ್ಷ ಬೇಕು. ಸರಿ, ಒಂದು ಜಿಲ್ಲೆಗೆ ಇಳಿಸಿದಿರಿ. ಅಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಹಾಗಾಗಿ 2001ರ ಜನಗಣತಿಯಲ್ಲಿ ‘ಕೋಲಾರ ಜಿಲ್ಲೆ’ ಅಂದರೆ ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲ ಸೇರಿದ್ದು. 2011ರ ಜನಗಣತಿಯ ‘ಕೋಲಾರ ಜಿಲ್ಲೆ’ಯಲ್ಲಿ ಅವು ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ‘ಹತ್ತು ವರ್ಷದಲ್ಲಿ ಜಿಲ್ಲೆಯ ಜನಸಂಖ್ಯೆ ಕುಸಿಯಿತು’ ಅಂತ ಬರೆದರೆ ಆ ಪ್ರಬಂಧದ ಗತಿ ಏನು ಹೇಳಿ. ಯಾದಗಿರಿ, ವಿಜಯನಗರ ಕಡೆಯವರಿಗೂ ಇದೇ ಮಾತು. ತಾಲ್ಲೂಕು ಅಥವಾ ಊರಿನ ಮಟ್ಟಕ್ಕೆ ಇಳಿದರೆ ಈ ತೊಂದರೆ ಬಹಳಷ್ಟು ಕಡಿಮೆ.

ಕಾಲಕ್ಕೆ ಬಂದಾಗ ಸುಮ್ನೆ ‘2000ದಿಂದ 2020’ ಅಂತ ದುಂಡು ಸಂಖ್ಯೆ ಇಟ್ಟುಬಿಡಬೇಡಿ. ಆ ವರ್ಷವೇ ಯಾಕೆ ಅಂತ ಕೇಳಿದರೆ ಒಂದು ಕಾರಣ ಇರಬೇಕು. ಕೋಲಾರದ ಕೆರೆಗಳಿಗೆ ಅಂಥ ವರ್ಷಗಳು ಸಲೀಸಾಗಿ ಸಿಗುತ್ತವೆ. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು, ವಂಶಪಾರಂಪರ್ಯವಾಗಿ ಬರುತ್ತಿದ್ದ ಹಳ್ಳಿಯ ಹುದ್ದೆಗಳು ಹೋದವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೆರೆಗಳನ್ನು ಊರಿನ ಬಳಕೆದಾರರ ಸಂಘಗಳ ಕೈಗೆ ಕೊಡುವ ಯೋಜನೆ ಶುರುವಾಯಿತು. 2018ರ ಜೂನ್‌ನಲ್ಲಿ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮೂರೂ ಬಾಗಿಲುಗಳಿದ್ದ ಹಾಗೆ. ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಪ್ರಬಂಧವೇ ಬೇರೆಯಾಗುತ್ತದೆ. ಮೊದಲನೆಯದಕ್ಕೆ ಪತ್ರಾಗಾರ ಬೇಕು, ಮೂರನೆಯದಕ್ಕೆ ಚಪ್ಪಲಿ ಸವೆಸಬೇಕು.

ಜನ. ಕೆರೆ ಅಂದರೆ ಬರೀ ನೀರಲ್ಲ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಪ್ರಬಂಧದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರು ಹರಿಯುವ ಪ್ರದೇಶದಲ್ಲಿ, ಜಮೀನಿರುವವರು ಒಂದು ಗುಂಪು. ಸುತ್ತ ಬೋರ್‌ವೆಲ್ ಇರುವ ಟೊಮೆಟೊ ಬೆಳೆಗಾರರು ಇನ್ನೊಂದು. ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಹಿಡಿಯುವವರು, ದನ ಕುರಿ ನೀರಿಗೆ ಬಿಡುವವರು, ಬಟ್ಟೆ ಒಗೆಯಲು ಬರುವ ಹೆಂಗಸರು, ಪಂಚಾಯಿತಿ ಸದಸ್ಯರು. ಇವರ ಪಕ್ಕದಲ್ಲಿ ಯಾರೂ ಮಾತಾಡಿಸದ ಒಬ್ಬರಿದ್ದಾರೆ, ನೀರುಗಂಟಿ. ತೂಬು ಎತ್ತಿ ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ಏರಿ (ಕೆರೆಯ ಕಟ್ಟೆ), ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಕಾಯುವುದು ಅವರ ಕೆಲಸ. ಹಳೆ ಮೈಸೂರು ಕಡೆ ಹಳ್ಳಿಯ ಆಯಗಾರರಲ್ಲಿ ಅವರೂ ಒಬ್ಬರು, ಸುಗ್ಗಿಯಲ್ಲಿ ಕಣದಿಂದ ಕಾಳು ಸಿಗುತ್ತಿತ್ತು. ಈ ಗುಂಪುಗಳಲ್ಲಿ ಒಂದೊಂದಕ್ಕೂ ಒಂದೊಂದು ಪ್ರಬಂಧವೇ ಬೇಕು. ‘ಎಲ್ಲರನ್ನೂ ಮಾತಾಡಿಸುತ್ತೇನೆ’ ಅನ್ನುವವರು ಕೊನೆಗೆ ಯಾರನ್ನೂ ಸರಿಯಾಗಿ ಮಾತಾಡಿಸಿರುವುದಿಲ್ಲ.

ಮುಖ ಅಂದರೆ ವಿಷಯವನ್ನು ಯಾವ ಕಡೆಯಿಂದ ನೋಡುತ್ತೀರಿ ಅನ್ನುವುದು. ಇದನ್ನು ಸಾಮಾನ್ಯವಾಗಿ ನಿಮ್ಮ ವಿಭಾಗವೇ ತೀರ್ಮಾನ ಮಾಡುತ್ತದೆ. ನೀರಿನ ಗುಣಮಟ್ಟ ಅಳೆಯಲು ಲ್ಯಾಬ್ ಬೇಕು, ರಸಾಯನಶಾಸ್ತ್ರದವರಿಗೆ ಬಿಡಿ. ಎರಡನೇ ಹಂತದ ಶುದ್ಧೀಕರಣ ಸಾಕೋ, ಮೂರನೇ ಹಂತ ಬೇಕೋ ಅನ್ನುವ ಜಗಳ ಎಂಜಿನಿಯರಿಂಗ್‌ನವರದು, ಅದು ಕೋರ್ಟಿಗೆ ಹೋದ ಕಥೆ ಕಾನೂನಿನವರದು. ಸಮಾಜಶಾಸ್ತ್ರದ ಹುಡುಗಿಗೆ ಉಳಿದದ್ದು ಕೆಲಸ, ಜಾತಿ, ಹಕ್ಕು, ಊರಿನ ಒಪ್ಪಂದ.

ನಾಲ್ಕೂ ಕತ್ತರಿ ಬಿದ್ದ ಮೇಲೆ ಅವಳ ಹಾಳೆಯಲ್ಲಿ ಉಳಿದದ್ದು: ಕೋಲಾರ ತಾಲ್ಲೂಕಿನಲ್ಲಿ ಕೆಸಿ ವ್ಯಾಲಿ ನೀರು ಬಂದ ಮೂರು ಕೆರೆಗಳು, 2018ರ ನಂತರ, ನೀರುಗಂಟಿ ಮನೆತನಗಳು, ಅವರ ಕೆಲಸ.

ಹೆಜ್ಜೆ 4: ವಿಷಯವನ್ನು ಪ್ರಶ್ನೆ ಮಾಡಿ

ಇಷ್ಟಾದರೂ ಇದಿನ್ನೂ ವಿಷಯ. ಪ್ರಶ್ನೆ ಆಗಿಲ್ಲ. ವಿಷಯದ ಮೇಲೆ ಎಷ್ಟು ಬೇಕಾದರೂ ಬರೆಯುತ್ತಾ ಹೋಗಬಹುದು, ಮುಗಿಯುವುದಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಿದಾಗ ಪ್ರಬಂಧ ಮುಗಿಯುತ್ತದೆ. ಡೆಡ್‌ಲೈನ್ ಇರುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಮೊದಲು ಕೆಟ್ಟ ಪ್ರಶ್ನೆಗಳನ್ನು ಬೇಗ ಬೇಗ ದಾಟೋಣ. ‘ಕೆರೆಗಳು ಮುಖ್ಯವೇ?’ ಉತ್ತರ ಮೊದಲೇ ಗೊತ್ತಿದೆ. ‘ಸರ್ಕಾರ ಏನು ಮಾಡಬೇಕು?’ ಅದು ಸಂಪಾದಕೀಯ. ‘ನೀರುಗಂಟಿಗಳ ಸ್ಥಿತಿಗತಿ ಹೇಗಿದೆ?’ ಇದು ಪ್ರಶ್ನೆಯ ವೇಷ ಹಾಕಿದ ‘ಒಂದು ಅಧ್ಯಯನ’.

ಇವೆಲ್ಲಕ್ಕಿಂತ ಅಪಾಯದ ಪದ ‘ಪರಿಣಾಮ’. ನಮ್ಮಲ್ಲಿ ಸಿನಾಪ್ಸಿಸ್ ತೆಗೆದರೆ ಸಾಕು, ‘ಇದರ ಪರಿಣಾಮಗಳು, ಅದರ ಪ್ರಭಾವ’. ಪರಿಣಾಮ ಅಂತ ಬರೆದ ಕೂಡಲೇ ನೀವು ಒಂದು ಸಾಲ ಮಾಡಿದ ಹಾಗೆ. ಮೊದಲು ಹೇಗಿತ್ತು ಅಂತ ತೋರಿಸಬೇಕು, ಆಮೇಲೆ ಹೇಗಾಯಿತು ಅಂತ ತೋರಿಸಬೇಕು, ಬದಲಾವಣೆ ಇದರಿಂದಲೇ ಆಯಿತು, ಬೇರೆ ಯಾವುದರಿಂದಲೂ ಅಲ್ಲ ಅಂತಲೂ ತೋರಿಸಬೇಕು. ‘ಕೆಸಿ ವ್ಯಾಲಿ ನೀರಿನಿಂದ ಅಂತರ್ಜಲದ ಮೇಲಾದ ಪರಿಣಾಮ’ ಅಂತ ಇಟ್ಟುಕೊಂಡಿರಿ ಅನ್ನಿ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ ಅಂತ ರೈತರು ಹೇಳುತ್ತಾರೆ. ಆದರೆ 2021ರ ನವೆಂಬರ್‌ನಲ್ಲಿ ಕೋಲಾರದ ಕಡೆ ಎಂಥ ಮಳೆ ಸುರಿಯಿತು ಅಂತ ನೆನಪಿದೆಯಲ್ಲ? ಮೇಲೆ ಬಂದ ನೀರಿನಲ್ಲಿ ಬೆಂಗಳೂರಿನದು ಎಷ್ಟು, ಆಕಾಶದ್ದು ಎಷ್ಟು ಅಂತ ನಾಲ್ಕು ತಿಂಗಳಲ್ಲಿ ಬಿಡಿಸಿ ಹೇಳಲು ನಿಮ್ಮಿಂದ ಆಗುವುದಿಲ್ಲ. ಪಕ್ಕದಲ್ಲೇ ಈ ನೀರು ಬಾರದ ಕೆರೆಗಳನ್ನೂ ಇಟ್ಟು ಹೋಲಿಸಬೇಕು, ಹಲವು ವರ್ಷಗಳ ಅಳತೆ ಬೇಕು.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಮೇಲೆ ಬರೆಯುವವರಿಗೂ ಇದೇ ಕಾಟ. ಯೋಜನೆಗೆ ಮೊದಲು ಆ ಹೆಂಗಸರು ವಾರಕ್ಕೆ ಎಷ್ಟು ಸಲ ಬಸ್ ಹತ್ತುತ್ತಿದ್ದರು ಅಂತ ನೀವು ಆಗ ಕೇಳಿರಲಿಲ್ಲ. ಈಗ ಕೇಳಿದರೆ ನೆನಪಿನಿಂದ ಹೇಳುತ್ತಾರೆ, ನೆನಪು ಲೆಕ್ಕ ಇಡುವುದಿಲ್ಲ. ಅದರ ಬದಲು ‘ಉಚಿತ ಟಿಕೆಟ್ ಇದ್ದರೂ ಗಾರ್ಮೆಂಟ್ಸ್‌ಗೆ ಹೋಗುವ ಕೆಲವರು ಇನ್ನೂ ಶೇರ್ ಆಟೋ ಹತ್ತುತ್ತಾರೆ, ಯಾಕೆ?’ ಅಂತ ಕೇಳಿ ನೋಡಿ. ಇದಕ್ಕೆ ಹಿಂದಿನ ಲೆಕ್ಕ ಬೇಡ, ಇವತ್ತು ಸ್ಟಾಪಿನಲ್ಲಿ ನಿಂತರೆ ಸಾಕು.

ಒಳ್ಳೆಯ ಪ್ರಶ್ನೆ ಬಹಳ ಸಲ ಒಂದು ‘ಆದರೆ’ಯಿಂದ ಹುಟ್ಟುತ್ತದೆ. ಕೆರೆ ತುಂಬಿದೆ, ಆದರೆ ತೂಬು ಮುಚ್ಚಿದೆ. ಕಾಮರ್ಸ್‌ನವರಿಗೆ ಇನ್ನೊಂದು ಹೇಳುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯವರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಅಂಟಿಸಿದರು. ‘ಯುಪಿಐ ಬಳಕೆ: ಒಂದು ಅಧ್ಯಯನ’ ಬರೆಯುವವರು ನೂರಾರು ಜನ. ಒಂದು ಬೀದಿಯಲ್ಲಿ ಆ ಚೀಟಿ ಅಂಟಿಸಿದ ಅಂಗಡಿಗಳಲ್ಲಿ ಯಾರು ತೆಗೆದರು, ಯಾರು ತೆಗೆಯಲಿಲ್ಲ, ಯಾಕೆ ಅಂತ ಕೇಳಿದವರು ಎಷ್ಟು ಜನ ಇರಬಹುದು? ಸಾಹಿತ್ಯದವರು ‘ಇಂಥವರ ಕಾದಂಬರಿಗಳಲ್ಲಿ ಸ್ತ್ರೀ ಪಾತ್ರಗಳು’ ಬಿಟ್ಟು, ಒಂದೇ ಕಾದಂಬರಿಯಲ್ಲಿ ಯಾವ ಹೆಂಗಸಿಗೆ ಹೆಸರೇ ಇಟ್ಟಿಲ್ಲ ಅಂತ ನೋಡಿದರೂ ಸಾಕು, ಪೇಪರ್ ಶುರುವಾಗುತ್ತದೆ.

ಅವಳ ಪ್ರಶ್ನೆ ಕೊನೆಗೆ ಹೀಗೆ ನಿಂತಿತು: ಕೆರೆಗೆ ನೀರು ವಾಪಸ್ ಬಂದಿದೆ, ಆದರೆ ಆ ನೀರು ಇಂಗಲು ಮಾತ್ರ, ತೂಬಿನಿಂದ ಹರಿಯಲು ಅಲ್ಲ. ಹಾಗಿರುವಾಗ ನೀರುಗಂಟಿಯ ಕೆಲಸ ಯಾವ ರೂಪದಲ್ಲಾದರೂ ವಾಪಸ್ ಬಂದಿದೆಯೇ, ಇಲ್ಲದಿದ್ದರೆ ಕೆರೆ ಕಾಯುವ ಕೆಲಸ ಈಗ ಯಾರು ಮಾಡುತ್ತಿದ್ದಾರೆ, ಅದಕ್ಕೆ ಅವರಿಗೆ ಏನು ಸಿಗುತ್ತಿದೆ?

ಉತ್ತರ ಏನು ಬೇಕಾದರೂ ಆಗಬಹುದು. ಅವಳಿಗೂ ಗೊತ್ತಿಲ್ಲ, ಗೈಡ್‌ಗೂ ಗೊತ್ತಿಲ್ಲ. ನಿಮ್ಮ ಪ್ರಶ್ನೆಗೆ ನೀವು ಎಣಿಸಿದ್ದಕ್ಕೆ ಉಲ್ಟಾ ಉತ್ತರ ಬರುವ ಸಾಧ್ಯತೆ ಇದೆಯೇ ಅಂತ ಒಮ್ಮೆ ಕೇಳಿಕೊಳ್ಳಿ. ಇಲ್ಲ ಅಂದರೆ ಅದು ಪ್ರಶ್ನೆಯಲ್ಲ, ನಿಮ್ಮ ಅಭಿಪ್ರಾಯ.

ಹೆಜ್ಜೆ 5: ಸಾಮಗ್ರಿ ಸಿಗುತ್ತದಾ ಅಂತ ಮೊದಲೇ ನೋಡಿ

ಸಿನಾಪ್ಸಿಸ್ ಪಾಸಾದ ಮೇಲೆ ಹುಡುಕಿದರಾಯಿತು ಅಂತ ಬಿಡಬೇಡಿ. ನಾನು ಕೆಟ್ಟದ್ದು ಇಲ್ಲೇ. ಒಂದು ಕಚೇರಿಯಲ್ಲಿ ನನಗೆ ಬೇಕಿದ್ದ ರಿಜಿಸ್ಟರ್‌ಗಳು ಇವೆ ಅಂತ ನಂಬಿಕೊಂಡು ಇಡೀ ಅಧ್ಯಾಯ ಪ್ಲಾನ್ ಮಾಡಿದ್ದೆ. ಹೋಗಿ ಕೇಳಿದರೆ ‘ಅವೆಲ್ಲ ಗೆದ್ದಲು ತಿಂದು ಹೋದವು’ ಅಂದರು. ಮೂರು ವಾರ ನೀರಿನಲ್ಲಿ ಹೋಮ.

ಯಾವ ಕೆರೆಯ ಕಡತ ಯಾರ ಹತ್ತಿರ ಇರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಂಚಾಯಿತಿ ಕಡೆ, ಅದಕ್ಕಿಂತ ಜಾಸ್ತಿ, 2,000 ಹೆಕ್ಟೇರ್‌ವರೆಗೆ ಇದ್ದರೆ ಸಣ್ಣ ನೀರಾವರಿ ಇಲಾಖೆ. ಹಾಗಾಗಿ ಮೂರು ಕೆರೆ ಆರಿಸುವಾಗ ಒಂದು ಚಿಕ್ಕದು, ಎರಡು ದೊಡ್ಡದು ಅಂತ ಆರಿಸಿದರೆ ಎರಡು ಕಚೇರಿ ಸುತ್ತಬೇಕು. ಅದು ತಪ್ಪಲ್ಲ, ಹೋಲಿಕೆಗೆ ಒಳ್ಳೆಯದೇ, ಆದರೆ ದಿನ ಲೆಕ್ಕ ಹಾಕಿಕೊಳ್ಳಿ.

ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ನಾಲ್ಕು ತಿಂಗಳ ಪ್ರಬಂಧದಲ್ಲಿ 30 ದಿನ ಅಂದರೆ ಕಾಲು ಭಾಗ. ಹಾಗಾಗಿ ಅರ್ಜಿ ಹಾಕುವುದಿದ್ದರೆ ಟಾಪಿಕ್ ನಿಗದಿಯಾಗುವ ಮೊದಲೇ ಹಾಕಿಬಿಡಿ. ತಮಾಷೆ ಅಂದರೆ, 150 ಪದದಲ್ಲಿ ನಿಮಗೆ ಬೇಕಾದ್ದನ್ನು ಕೇಳಲು ಆಗದಿದ್ದರೆ ಟಾಪಿಕ್ ಇನ್ನೂ ದೊಡ್ಡದಿದೆ ಅಂತಲೂ ಅರ್ಥ.

ಹಳೆಯ ಕಾಲಕ್ಕೆ ಹೋಗುವವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದ್ದು. ಅಲ್ಲಿ ‘ಕೆರೆ’ ಅಂತ ಮಾತ್ರ ಹುಡುಕಿದರೆ ಸಾಲದು. ‘ಬಿತ್ತುವಟ್ಟ’, ‘ಕಟ್ಟುಕೊಡಗಿ’ ಅನ್ನುವ ಪದಗಳನ್ನೂ ನೋಡಿ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಕೊಟ್ಟ ಜಮೀನಿನ ಲೆಕ್ಕ ಅಲ್ಲಿರುತ್ತದೆ. ಅವಳಿಗೆ ಇದು ಮೊದಲ ಅಧ್ಯಾಯದಲ್ಲಿ ಒಂದೂವರೆ ಪುಟಕ್ಕೆ ಬೇಕಿತ್ತು, ಅಷ್ಟೇ. ಚಂದ ಇದೆ ಅಂತ ಅಲ್ಲೇ ಕೂತರೆ ಪ್ರಬಂಧ ಹೊಯ್ಸಳರ ಕಾಲದಲ್ಲೇ ಉಳಿದುಹೋಗುತ್ತದೆ.

ಹೆಜ್ಜೆ 6: ಒಂದು ದಿನ ಸುಮ್ನೆ ಹೋಗಿ ಬನ್ನಿ

ಪ್ರಶ್ನಾವಳಿ ಬೇಡ, ರೆಕಾರ್ಡರ್ ಬೇಡ. ಬೆಳಿಗ್ಗೆ ಬಸ್ ಹತ್ತಿ, ಕೆರೆ ಏರಿ ಮೇಲೆ ನಡೆಯಿರಿ, ಟೀ ಅಂಗಡಿಯಲ್ಲಿ ಕೂರಿ. ನಿಮ್ಮ ಪ್ರಶ್ನೆಯನ್ನು ಒಬ್ಬರಿಗಾದರೂ ಕೇಳಿ ನೋಡಿ. ಅವರಿಗೆ ಅದು ಅರ್ಥವಾಗದಿದ್ದರೆ ತಪ್ಪು ಅವರದಲ್ಲ.

ಅವಳು ಹೋದ ದಿನ ಅರಳಿಕಟ್ಟೆ ಮೇಲಿದ್ದ ಒಬ್ಬ ಹಿರಿಯರನ್ನು ‘ತಾತ, ಈ ಊರಲ್ಲಿ ನೀರುಗಂಟಿ ಯಾರು?’ ಅಂತ ಕೇಳಿದಳು. ಅವರು ಒಂದು ಮನೆ ಕಡೆ ಕೈ ತೋರಿಸಿ, ‘ಆ ಮನೆಯೋರನ್ನು ಈಗಲೂ ನೀರುಗಂಟಿಯೋರು ಅಂತಾನೇ ಕರೆಯೋದು ತಾಯಿ, ಹುಡುಗ ಮಾತ್ರ ನರಸಾಪುರದ ಫ್ಯಾಕ್ಟರಿಗೆ ಹೋಗ್ತಾನೆ’ ಅಂದರು. ಕೆಲಸ ಹೋಗಿದೆ, ಹೆಸರು ಉಳಿದಿದೆ. ಇದು ಯಾವ ಪಿಡಿಎಫ್‌ನಲ್ಲೂ ಅವಳಿಗೆ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುತ್ತಾ ಪ್ರಶ್ನೆಯಲ್ಲಿ ‘ನೀರುಗಂಟಿ ಮನೆತನದ ಎರಡು ತಲೆಮಾರು’ ಅಂತ ಸೇರಿಸಿದಳು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹಲವು ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದ್ದು. ಊರಿನ ದೊಡ್ಡ ಮನೆಯ ಜಗುಲಿ ಮೇಲೆ ಕೂತು, ಅವರನ್ನು ಅಲ್ಲಿಗೇ ಕರೆಸಿ ಮಾತಾಡಿಸಿದರೆ ಏನು ಉತ್ತರ ಸಿಗುತ್ತದೆ ಅಂತ ಊಹಿಸಿ. ಅವರ ಮನೆಗೆ ಹೋಗಿ, ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ, ಒಪ್ಪಿದರೆ ಮಾತ್ರ ಬರೆದುಕೊಳ್ಳಿ. ಪ್ರಬಂಧದಲ್ಲಿ ನಿಜವಾದ ಹೆಸರು ಹಾಕಬೇಡಿ. ಈ ಟಾಪಿಕ್ ನಿಮ್ಮಿಂದ ಆಗುತ್ತದೆಯೇ ಅನ್ನುವುದಕ್ಕೆ ಇದೂ ಒಂದು ಪರೀಕ್ಷೆ.

ಹೆಜ್ಜೆ 7: ಜಾಸ್ತಿ ಕತ್ತರಿಸಿಬಿಟ್ಟಿದ್ದರೆ

ಇದು ಅಪರೂಪ, ಆದರೆ ಆಗುತ್ತದೆ. ‘ಒಂದು ಕೆರೆಯ ಒಬ್ಬ ನೀರುಗಂಟಿ’ ಅಂತ ಇಳಿಸಿದರೆ ಅದು ಒಳ್ಳೆಯ ಪತ್ರಿಕಾ ಲೇಖನ ಆಗಬಹುದು, ಎಂಎ ಪ್ರಬಂಧಕ್ಕೆ ಸಾಲದು. ಗುರುತು ಏನೆಂದರೆ, ಆ ಒಬ್ಬರು ಹುಷಾರಿಲ್ಲದೆ ಮಲಗಿದರೆ ನಿಮ್ಮ ಸಂಶೋಧನೆಯೂ ಮಲಗುತ್ತದೆ. ಆಗ ಒಂದು ಕತ್ತರಿಯನ್ನು ಮಾತ್ರ ಸಡಿಲ ಮಾಡಿ. ಕೆರೆಯ ಸಂಖ್ಯೆ ಹೆಚ್ಚಿಸಿ, ಕಾಲ ಹಾಗೇ ಇರಲಿ. ಅಥವಾ ಕೆರೆ ಅದೇ ಇರಲಿ, ಮೀನು ಹರಾಜು ಹಿಡಿದವರನ್ನೂ ಸೇರಿಸಿ. ನಾಲ್ಕನ್ನೂ ಒಟ್ಟಿಗೆ ಸಡಿಲ ಮಾಡಿದರೆ ‘ಜಲ ಸಂಪನ್ಮೂಲ: ಒಂದು ಅಧ್ಯಯನ’ಕ್ಕೆ ವಾಪಸ್ ಬಂದಿರುತ್ತೀರಿ.

ಹೆಜ್ಜೆ 8: ಗೈಡ್ ಹತ್ತಿರ ಒಂದೇ ಹಾಳೆ ತೆಗೆದುಕೊಂಡು ಹೋಗಿ

ಹತ್ತು ಪುಟ ಬೇಡ. ಮೇಲೆ ಪ್ರಶ್ನೆ, ಎರಡು ವಾಕ್ಯದಲ್ಲಿ. ಕೆಳಗೆ ‘ಇದಕ್ಕೆ ಮೊದಲು ಯಾರು ಏನು ಹೇಳಿದ್ದಾರೆ’ ಅಂತ ನಾಲ್ಕೈದು ಸಾಲು. ಅದರ ಕೆಳಗೆ ಯಾವ ಕೆರೆ, ಯಾರ ಜೊತೆ ಮಾತು, ಯಾವ ಕಡತ, ಯಾವ ವಾರ ಏನು. ಗೈಡ್‌ಗಳಿಗೂ ಹತ್ತಾರು ವಿದ್ಯಾರ್ಥಿಗಳು. ‘ಏನಾದರೂ ಟಾಪಿಕ್ ಕೊಡಿ ಸರ್’ ಅಂತ ಕೈಬೀಸಿಕೊಂಡು ಹೋದರೆ ಅವರಿಗೆ ಬೇಕಾದದ್ದು ಕೊಟ್ಟು ಕಳಿಸುತ್ತಾರೆ, ನಿಮಗೆ ಬೇಕಾದದ್ದು ಅಲ್ಲ. ಹಾಳೆ ಇಟ್ಟುಕೊಂಡು ಹೋದರೆ ಅವರು ಕೆಂಪು ಪೆನ್ ತೆಗೆದು ತಿದ್ದುತ್ತಾರೆ. ತಿದ್ದಿದ ಹಾಳೆಯೇ ನಿಮ್ಮ ಸಿನಾಪ್ಸಿಸ್.

ಶೀರ್ಷಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಅವಳದು ‘ತುಂಬಿದ ಕೆರೆ, ಮುಚ್ಚಿದ ತೂಬು: 2018ರ ನಂತರ ಕೋಲಾರ ತಾಲ್ಲೂಕಿನ ಮೂರು ಕೆರೆಗಳಲ್ಲಿ ನೀರುಗಂಟಿ ಕೆಲಸ’ ಅಂತ ಆಯಿತು. ಗೈಡ್ ‘ಒಂದು ಅಧ್ಯಯನ’ ಅಂತ ಸೇರಿಸಲು ಹೇಳಿದರಂತೆ. ಕೆಲವು ಯುದ್ಧ ಗೆಲ್ಲಲಾಗುವುದಿಲ್ಲ, ಸೇರಿಸಿ ಬಿಡಿ.

ಕತ್ತರಿಸಿದ ಚೂರುಗಳನ್ನು ಮಾತ್ರ ಎಸೆಯಬೇಡಿ. ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಬರೆದಿಡಿ. ಅವಳು ಬಿಟ್ಟುಬಿಟ್ಟಿದ್ದ ಮೀನು ಹರಾಜಿನ ಪುಟವನ್ನು ಅವಳ ರೂಮ್‌ಮೇಟ್, ಅರ್ಥಶಾಸ್ತ್ರದವಳು, ಕೇಳಿ ತೆಗೆದುಕೊಂಡಳು. ಈಗ ಇಬ್ಬರೂ ಭಾನುವಾರ ಒಂದೇ ಬಸ್ಸಿನಲ್ಲಿ ಕೋಲಾರಕ್ಕೆ ಹೋಗುತ್ತಾರೆ. ಒಬ್ಬಳು ಏರಿಯ ಈ ತುದಿಯಲ್ಲಿ ಇಳಿಯುತ್ತಾಳೆ, ಇನ್ನೊಬ್ಬಳು ಕೋಡಿ ಕಡೆ.